ರದ್ದಿಗೆ ಹೋಗುವ ಮುನ್ನ: ಮೈಸೂರು ವಲಯದ ಸ್ಕೋರ್ ಪುಸ್ತಕಗಳ ಪರವಾಗಿ ಒಂದು ಬಹಿರಂಗ ಪತ್ರ

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಿಗೆ ಮತ್ತು ಪದಾಧಿಕಾರಿಗಳಿಗೆ,
ಮೈಸೂರು ವಲಯದ ಸಂಚಾಲಕರಿಗೆ,
ಮೈಸೂರು ಹಾಗೂ ಮಂಡ್ಯದ ಕ್ಲಬ್ಬುಗಳ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ಮಂಡ್ಯದ ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕಿದೆ. ಅದರಲ್ಲಿ 23 ಸ್ಕೋರ್ ಪುಸ್ತಕಗಳಿವೆ. ಮೊದಲನೆಯದು 1979ರದು, ಕೊನೆಯದು 2004ರದು. ಮೈಸೂರು ವಲಯದ ಲೀಗ್‌ನಲ್ಲಿ ಆಡುತ್ತಿದ್ದ ಮಂಡ್ಯದ ಒಂದು ಕ್ಲಬ್ಬಿಗೆ ಅಷ್ಟೂ ವರ್ಷ ನನ್ನ ತಂದೆ ಸ್ಕೋರರ್ ಆಗಿದ್ದರು. ಅವರು ತೀರಿಕೊಂಡು ಆರು ವರ್ಷವಾಯಿತು. ಕ್ಲಬ್ಬು ಅದಕ್ಕೂ ಮೊದಲೇ ಮುಚ್ಚಿತ್ತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಟ್ರಂಕನ್ನು ಕೆಳಗಿಳಿಸಿ, ಪುಸ್ತಕಗಳನ್ನು ಒಂದೊಂದಾಗಿ ಬಿಸಿಲಿಗೆ ಹಾಕಿ, ಹೊಸ ನುಸಿಗುಳಿಗೆ ಇಟ್ಟು ಮತ್ತೆ ಮೇಲಕ್ಕೇರಿಸುತ್ತೇನೆ. ಈ ವರ್ಷ ಒಂದು ಪುಸ್ತಕದ ರಟ್ಟಿನ ಮೂಲೆಯಲ್ಲಿ ಗೆದ್ದಲು ಕಂಡಿತು. ಅಂದು ರಾತ್ರಿಯೇ ಈ ಪತ್ರ ಬರೆಯಲು ಕುಳಿತೆ.

ನಾನು ಕೇಳುತ್ತಿರುವುದು ಒಂದೇ. ಮೈಸೂರು ವಲಯದಲ್ಲಿ ದಶಕಗಳಿಂದ ನಡೆದು ಬಂದಿರುವ ಕ್ಲಬ್ ಲೀಗಿನ ಸ್ಕೋರ್ ಪುಸ್ತಕಗಳನ್ನು, ಇನ್ನೂ ಎಷ್ಟು ಉಳಿದಿವೆಯೋ ಅಷ್ಟನ್ನು, ಹುಡುಕಿ ತಂದು ಒಂದು ಕಡೆ ಇಡಿ. ನನ್ನ 23 ಪುಸ್ತಕಗಳನ್ನು ಇಂದೇ ಕೊಡಲು ಸಿದ್ಧಳಿದ್ದೇನೆ.

ಈ ಮಾತನ್ನು ಹೇಳುವ ಹಕ್ಕು ನನಗೆ ಹೇಗೆ ಬಂತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಸ್ಕೋರ್ ಬರೆಯಲು ಕಲಿತದ್ದು ಒಂಬತ್ತನೆಯ ವಯಸ್ಸಿನಲ್ಲಿ, 1983ರ ಕೊನೆಯಲ್ಲಿ. ಭಾರತ ವಿಶ್ವಕಪ್ ಗೆದ್ದ ವರ್ಷವದು. ನಮ್ಮ ರೋಜರ್ ಬಿನ್ನಿ ಆ ಕೂಟದಲ್ಲಿ 18 ವಿಕೆಟ್ ಪಡೆದಿದ್ದರು. ಊರಿನ ಹುಡುಗರೆಲ್ಲ ಇದ್ದಕ್ಕಿದ್ದಂತೆ ಕ್ಲಬ್ಬಿಗೆ ಸೇರಲು ಮುಗಿಬಿದ್ದಿದ್ದರು. ಆಟಗಾರರು ಹೆಚ್ಚಾದರು, ಬರೆಯುವವರು ಹೆಚ್ಚಾಗಲಿಲ್ಲ. ಎದುರಾಳಿ ತಂಡಕ್ಕೆ ಸ್ಕೋರರ್ ಇಲ್ಲದ ಒಂದು ಭಾನುವಾರ ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನಾನು ಹೇಳಿದ್ದನ್ನು ಬರೆಯುತ್ತಾ ಹೋಗು ಕಣವ್ವಾ, ಚೆಂಡಿನ ಮೇಲಿಂದ ಕಣ್ಣು ತೆಗೆಯಬೇಡ" ಎಂದು ಪೆನ್ಸಿಲ್ ಕೈಗೆ ಕೊಟ್ಟರು.

ಅಲ್ಲಿಂದ ಮುಂದೆ ಹತ್ತು ವರ್ಷ, ಮೈಸೂರಿನಲ್ಲಿ ಪಂದ್ಯವಿದ್ದ ಭಾನುವಾರಗಳಲ್ಲಿ ನಾನೂ ಅವರ ಜೊತೆ ಹೊರಡುತ್ತಿದ್ದೆ. ಆಗಿನ್ನೂ ಮೀಟರ್ ಗೇಜ್ ರೈಲು. ಬೆಳಗಿನ ಗಾಡಿಗೆ ಮಂಡ್ಯದಲ್ಲಿ ಹತ್ತಿದರೆ ಪಾಂಡವಪುರ, ಶ್ರೀರಂಗಪಟ್ಟಣ ದಾಟಿ, ಕಾವೇರಿಯ ಸೇತುವೆಯ ಮೇಲೆ ಗಡಗಡ ಸದ್ದು ಮಾಡಿ, ನಾಗನಹಳ್ಳಿ ಕಳೆದು ಮೈಸೂರು. ಕಿಟ್ ಬ್ಯಾಗುಗಳನ್ನು ಬಾಗಿಲ ಬಳಿ ಅಡ್ಡ ಹಾಕಿ ಅವುಗಳ ಮೇಲೆಯೇ ಆಟಗಾರರು ಕುಳಿತಿರುತ್ತಿದ್ದರು. ಅವ್ವ ಕಟ್ಟಿಕೊಟ್ಟ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಖಾಲಿಯಾಗುತ್ತಿತ್ತು. ನಿಲ್ದಾಣದಿಂದ ಮಹಾರಾಜ ಕಾಲೇಜು ಮೈದಾನಕ್ಕೆ ನಡೆದೇ ಹೋಗುತ್ತಿದ್ದೆವು. ಅಪ್ಪನ ಕಂಕುಳಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಸ್ಕೋರ್ ಪುಸ್ತಕ ಇರುತ್ತಿತ್ತು. ಮಳೆ ಬಂದರೆ ತಾವು ನೆನೆದಾರು, ಅದನ್ನು ನೆನೆಯಲು ಬಿಡುತ್ತಿರಲಿಲ್ಲ.

ಸ್ಕೋರ್ ಪುಸ್ತಕದ ಒಂದು ಪುಟವನ್ನು ತೆರೆದು ನೋಡದವರಿಗೆ ಇದೆಲ್ಲ ಅತಿಯೆನಿಸಬಹುದು. ಆದ್ದರಿಂದ ಆ ಪುಟದಲ್ಲಿ ಏನಿರುತ್ತದೆ ಎಂದು ಹೇಳಬೇಕು. ಎಡಗಡೆ ಬ್ಯಾಟ್ಸ್‌ಮನ್‌ಗಳ ಹೆಸರು. ಒಬ್ಬೊಬ್ಬರ ಮುಂದೆ ಅವರು ಗಳಿಸಿದ ರನ್ನುಗಳು ಗಳಿಸಿದ ಕ್ರಮದಲ್ಲೇ, 1, 4, 1, 2 ಎಂದು ಸಾಲಾಗಿ. ಕೆಳಗೆ ಬೌಲರ್‌ಗಳ ಚೌಕಗಳು, ಒಂದೊಂದು ಓವರಿಗೆ ಒಂದೊಂದು ಚೌಕ. ರನ್ ಬಾರದ ಚೆಂಡಿಗೆ ಒಂದು ಚುಕ್ಕಿ. ಆರಕ್ಕೆ ಆರೂ ಚುಕ್ಕಿಯಾದರೆ ಅವನ್ನು ಗೆರೆಯಿಂದ ಕೂಡಿಸಿ ಇಂಗ್ಲಿಷಿನ ‘ಎಂ’ ಅಕ್ಷರ ಬರೆಯುತ್ತಾರೆ, ಮೇಡನ್ ಓವರ್ ಎಂಬುದಕ್ಕೆ. ಆ ಮೇಡನ್ ಓವರಿನಲ್ಲಿ ವಿಕೆಟ್ ಕೂಡ ಬಿದ್ದಿದ್ದರೆ ಗೆರೆಯನ್ನು ತಲೆಕೆಳಗು ಮಾಡಿ ‘ಡಬ್ಲ್ಯು’ ಎಳೆಯುತ್ತಾರೆ. ಬೆಳಿಗ್ಗೆ ಎದ್ದು ಬಾಗಿಲಿಗೆ ಚುಕ್ಕಿ ಇಟ್ಟು ಎಳೆ ಎಳೆಯುತ್ತಿದ್ದ ಅವ್ವನನ್ನು ನೋಡಿ ಬೆಳೆದ ನನಗೆ ಇದು ಕೂಡಲೇ ಕೈಗೆ ಹತ್ತಿತು. ಒಳ್ಳೆಯ ಬೌಲರ್‌ನ ಸಾಲು ರಂಗೋಲಿಯ ಹಾಗೆಯೇ ಕಾಣುತ್ತದೆ.

ಮೇಲೆ ಒಂದರಿಂದ ಸಾಲಾಗಿ ಅಚ್ಚಾದ ಅಂಕಿಗಳಿರುತ್ತವೆ. ಒಂದು ರನ್ ಬಂದರೆ ಒಂದು ಅಂಕಿಯನ್ನು ಹೊಡೆಯಬೇಕು. ನಾಲ್ಕು ಬಂದರೆ ನಾಲ್ಕನ್ನು ಹೊಡೆಯಬೇಕು. ಅಂಪೈರ್ ಸನ್ನೆ ಮಾಡಿದಾಗ ಸ್ಕೋರರ್ ಕೈಯೆತ್ತಿ ‘ಕಂಡೆ’ ಎಂದು ತೋರಿಸುವವರೆಗೆ ಅವರು ಮುಂದಿನ ಚೆಂಡಿಗೆ ಅವಕಾಶ ಕೊಡಬಾರದು. ಇನಿಂಗ್ಸ್ ಮುಗಿದ ಮೇಲೆ ಬ್ಯಾಟ್ಸ್‌ಮನ್‌ಗಳ ರನ್ನಿಗೆ ಇತರೆ ರನ್ ಸೇರಿಸಿದರೆ ಬರುವ ಮೊತ್ತ, ಬೌಲರ್‌ಗಳು ಕೊಟ್ಟ ರನ್ನಿಗೆ, ಬ್ಯಾಟಿಗೆ ತಾಗದೆ ಓಡಿ ಪಡೆದ ಬೈ ಮತ್ತು ಲೆಗ್ ಬೈ ರನ್ ಸೇರಿಸಿದರೆ ಬರುವ ಮೊತ್ತ, ಮೇಲೆ ಹೊಡೆದುಹಾಕಿದ ಕೊನೆಯ ಅಂಕಿ, ಈ ಮೂರೂ ತಾಳೆಯಾಗಬೇಕು. ಒಂದು ರನ್ ಹೆಚ್ಚು ಕಡಿಮೆಯಾದರೂ ಅಪ್ಪ ಊಟಕ್ಕೆ ಏಳುತ್ತಿರಲಿಲ್ಲ. ತಪ್ಪನ್ನು ರಬ್ಬರಿನಿಂದ ಅಳಿಸಲು ನನಗೆ ಎಂದೂ ಬಿಡಲಿಲ್ಲ. ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ಏನು ತಪ್ಪಾಗಿತ್ತು ಎಂಬುದೂ ಮುಂದಿನವರಿಗೆ ಕಾಣಬೇಕು ಎನ್ನುತ್ತಿದ್ದರು. ನನ್ನ ಶಾಲೆಯ ಮಕ್ಕಳಿಗೆ ನಾನು ಇಂದಿಗೂ ಅದನ್ನೇ ಹೇಳುತ್ತೇನೆ.

ಇಂಥ ಪುಟವೊಂದು ಕೈಯಲ್ಲಿದ್ದರೆ ನಲವತ್ತು ವರ್ಷದ ಹಿಂದಿನ ಒಂದು ಭಾನುವಾರವನ್ನು ಚೆಂಡು ಚೆಂಡಾಗಿ ಮತ್ತೆ ಆಡಿಸಬಹುದು. ಓದಲು ಬರುವವರೂ ಬೇಕು ಎಂಬುದು ಬೇರೆ ಮಾತು. ಒಂದು ಉದಾಹರಣೆ ಕೊಡುತ್ತೇನೆ. ಎಂಬತ್ತರ ದಶಕದ ಮೊದಲ ವರ್ಷಗಳ ಪುಟಗಳಲ್ಲಿ ವೈಡ್ ಮತ್ತು ನೋ ಬಾಲ್‌ಗಳು ಬೌಲರ್‌ನ ಲೆಕ್ಕಕ್ಕೆ ಸೇರಿಲ್ಲ. ಆಗಿನ ಪದ್ಧತಿ ಹಾಗಿತ್ತು. ಆ ಮೇಲೆ ಅವನ್ನು ಬೌಲರ್‌ನ ತಲೆಗೇ ಕಟ್ಟುವ ಕ್ರಮ ಬಂತು. ಇದು ಗೊತ್ತಿಲ್ಲದವರು ಹಳೆಯ ಪುಸ್ತಕ ತೆರೆದರೆ ಲೆಕ್ಕ ತಪ್ಪಿದೆ ಎಂದುಕೊಳ್ಳುತ್ತಾರೆ. ಈ ಕೂಡುವಿಕೆ ಬಲ್ಲ ಹಿರಿಯ ಸ್ಕೋರರ್‌ಗಳು ನಮ್ಮ ನಡುವೆ ಇನ್ನೂ ಕೆಲವರಿದ್ದಾರೆ. ಅವರಿರುವಾಗಲೇ ಈ ಕೆಲಸ ಆಗಬೇಕು.

ಅಂಚಿನ ಟಿಪ್ಪಣಿಗಳ ಮಾತು ಹೇಳದಿದ್ದರೆ ಪುಸ್ತಕದ ಅರ್ಧ ಬೆಲೆಯನ್ನು ಬಿಟ್ಟಂತೆ. ತೆಂಗಿನ ನಾರಿನ ಮ್ಯಾಟ್ ಹಾಸಿ ಆಡುತ್ತಿದ್ದ ಕಾಲದಲ್ಲಿ ಅಪ್ಪ ಪ್ರತಿ ಪಂದ್ಯದ ಪುಟದ ಮೇಲೂ ‘ಮ್ಯಾಟ್’ ಅಥವಾ, ಹುಲ್ಲು ಬೆಳೆಸಿದ ವಿಕೆಟ್ ಆದರೆ, ‘ಟರ್ಫ್’ ಎಂದು ಬರೆದಿದ್ದಾರೆ. ಒಂದು ಕಡೆ ‘ಮ್ಯಾಟ್ ಸಡಿಲ, ಮೊಳೆ ಎರಡು ಸಲ ಕಿತ್ತಿತು’ ಎಂದಿದೆ. ಮ್ಯಾಟಿನ ಮೇಲೆ ಚೆಂಡು ಎದೆಯ ಮಟ್ಟಕ್ಕೆ ಪುಟಿಯುತ್ತದೆ. ಅದರ ಮೇಲೆ ಆಡಿ ಬೆಳೆದ ಮಂಡ್ಯದ ಹುಡುಗರು ಮೈಸೂರಿನ ಟರ್ಫ್ ವಿಕೆಟ್ ಮೇಲೆ ಮೊದಲ ಸಲ ಬ್ಯಾಟ್ ಹಿಡಿದಾಗ ಚೆಂಡು ಕೆಳಗೇ ಉಳಿದು ಕಾಲಿಗೆ ಬಡಿದು ಎಲ್‌ಬಿಡಬ್ಲ್ಯು ಆಗುತ್ತಿದ್ದರು. ಸತತ ಮೂರು ಪಂದ್ಯಗಳ ಪುಟಗಳನ್ನು ಪಕ್ಕಪಕ್ಕ ಇಟ್ಟರೆ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಜಿಲ್ಲೆಯ ಹುಡುಗರು ಮೇಲೆ ಬರುವುದು ಯಾಕೆ ಕಷ್ಟ ಎಂದು ವರ್ಷಗಟ್ಟಲೆ ಮಾತಾಡಿದ್ದೇವೆ. ಉತ್ತರದ ಒಂದು ಭಾಗ ಅಲ್ಲಿದೆ.

1991ರ ಡಿಸೆಂಬರ್‌ನ ಒಂದು ಪುಟದಲ್ಲಿ ಎರಡೂ ತಂಡಗಳ ಹೆಸರಿದೆ, ಆಟಗಾರರ ಹೆಸರಿದೆ, ಒಂದೇ ಒಂದು ರನ್ ಇಲ್ಲ. ಅಂಚಿನಲ್ಲಿ ‘ಕಾವೇರಿ ಗಲಾಟೆ. ರೈಲು ಇಲ್ಲ. ಯಾರೂ ಹೋಗಲಿಲ್ಲ’ ಎಂದಷ್ಟೇ ಇದೆ. ನ್ಯಾಯಮಂಡಳಿಯ ಮಧ್ಯಂತರ ಆದೇಶ ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾದ ವಾರವದು. ಮಂಡ್ಯದ ಚರಿತ್ರೆ ಬರೆಯುವವರಿಗೆ ಕಾವೇರಿ ಹೋರಾಟದ ಕಡತಗಳು ಬೇಕಾದಷ್ಟು ಸಿಗುತ್ತವೆ. ಆಡಬೇಕಾಗಿದ್ದ ಇಪ್ಪತ್ತೆರಡು ಹುಡುಗರು ಅಂದು ಮನೆಯಲ್ಲೇ ಉಳಿದರು ಎಂಬುದು ಈ ಒಂದು ಹಾಳೆಯಲ್ಲಿ ಮಾತ್ರ ಇದೆ.

ಈಗ ದೊಡ್ಡ ಚರಿತ್ರೆಯ ಕಡೆಗೆ ಬರುತ್ತೇನೆ, ನಿಮಗೆ ಅದು ನನಗಿಂತ ಚೆನ್ನಾಗಿ ಗೊತ್ತು. ನಿಮ್ಮ ಸಂಸ್ಥೆ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಎಂಬ ಹೆಸರಿನಿಂದ 1933ರಲ್ಲಿ ಹುಟ್ಟಿತು. ನಮ್ಮ ಮಂಡ್ಯದವರಿಗೆ 1933 ಎಂದರೆ ಮೈಷುಗರ್ ಕಾರ್ಖಾನೆಯ ವರ್ಷ. ಮಂಡ್ಯ ಜಿಲ್ಲೆಯಾದದ್ದೇ ಅದಾಗಿ ಆರು ವರ್ಷಕ್ಕೆ, 1939ರಲ್ಲಿ. 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆಯಿತು. ಆಡಿದ್ದು ಮದ್ರಾಸ್ ಮತ್ತು ಮೈಸೂರು. ಮೈಸೂರು 48 ಮತ್ತು 59ಕ್ಕೆ ಆಲೌಟ್. ಮದ್ರಾಸ್ ಒಂದೇ ಇನಿಂಗ್ಸ್‌ನಲ್ಲಿ 130. ಎ.ಜಿ. ರಾಮ್‌ಸಿಂಗ್ 11 ವಿಕೆಟ್ ಕಿತ್ತರು. ಪಂದ್ಯ ಒಂದೇ ದಿನದಲ್ಲಿ ಮುಗಿಯಿತು, ನಾವು ಇನಿಂಗ್ಸ್ ಮತ್ತು 23 ರನ್‌ಗಳಿಂದ ಸೋತೆವು. ತೊಂಬತ್ತು ವರ್ಷ ಕಳೆದರೂ ಆ ಸೋಲಿನ ಒಂದೊಂದು ಅಂಕಿಯೂ ನಮ್ಮ ಮುಂದಿದೆ. ಅಂದು ಚೆಪಾಕ್‌ನಲ್ಲಿ ಪುಸ್ತಕ ತೆರೆದು ಕುಳಿತಿದ್ದವರು ಬರೆದರು, ಆ ಮೇಲಿನವರು ಎತ್ತಿಟ್ಟರು. ಆ 48ನ್ನು ನಾಚಿಕೆಯಿಂದ ಯಾರೂ ಹರಿದು ಹಾಕಲಿಲ್ಲ. ಆ 48ರಿಂದ ಹೊರಟ ಲೆಕ್ಕವೇ 1973–74ರ ಮೊದಲ ರಣಜಿ ಟ್ರೋಫಿ ಗೆಲುವಿಗೆ ತೂಕ ತಂದುಕೊಟ್ಟದ್ದು.

ರಾಜ್ಯ ತಂಡದ ಮಟ್ಟದಲ್ಲಿ ಎಲ್ಲವೂ ಬರಹದಲ್ಲಿದೆ. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಟೆಸ್ಟ್ ಪಂದ್ಯಗಳಲ್ಲಿ ಎಸೆದ ಓವರ್‌ಗಳು, ಓದು ಮುಗಿಸಲೆಂದು ಮೈಸೂರಿನ ಎನ್‌ಐಇ ಕಾಲೇಜಿಗೆ ಮರಳಿ, ಭಾರತ ತಂಡದಿಂದ ವರ್ಷಗಳ ಕಾಲ ದೂರ ಉಳಿದು ಮತ್ತೆ ಬಂದ ಸ್ಪಿನ್ನರ್ ಇ.ಎ.ಎಸ್. ಪ್ರಸನ್ನ ಅವರ ವಿಕೆಟ್‌ಗಳು, ಎಲ್ಲವೂ ಇವೆ. ಅದರ ಕೆಳಗಿನ ಮೆಟ್ಟಿಲಿಗೆ ಬಂದರೆ ಕತ್ತಲು. ಆದರೆ ಆಟಗಾರ ಹುಟ್ಟುವುದೇ ಆ ಮೆಟ್ಟಿಲಿನಲ್ಲಿ. ವಲಯದ ಲೀಗ್‌ನಲ್ಲಿ ಡಿವಿಷನ್‌ನಿಂದ ಡಿವಿಷನ್‌ಗೆ ಕ್ಲಬ್ಬು ಏರುತ್ತದೆ, ಇಳಿಯುತ್ತದೆ. ಅಲ್ಲಿ ಚೆನ್ನಾಗಿ ಆಡಿದವನು ವಲಯದ ತಂಡಕ್ಕೆ, ಅಂತರ ವಲಯ ಪಂದ್ಯಕ್ಕೆ, ಅಲ್ಲಿಂದ ರಾಜ್ಯಕ್ಕೆ.

ಜಾವಗಲ್ ಶ್ರೀನಾಥ್ ಅವರನ್ನೇ ತೆಗೆದುಕೊಳ್ಳಿ. ಮರಿಮಲ್ಲಪ್ಪ ಶಾಲೆಯ ಹುಡುಗ, ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. ಒಂದು ಕ್ಲಬ್ ಪಂದ್ಯದಲ್ಲಿ ಗುಂಡಪ್ಪ ವಿಶ್ವನಾಥ್ ಅವರ ಕಣ್ಣಿಗೆ ಬಿದ್ದರು. 1989ರಲ್ಲಿ ಹೈದರಾಬಾದ್ ವಿರುದ್ಧ ರಣಜಿಗೆ ಕಾಲಿಟ್ಟ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದರು. ಮುಂದೆ 67 ಟೆಸ್ಟ್‌ಗಳಲ್ಲಿ 236 ವಿಕೆಟ್, ಏಕದಿನದಲ್ಲಿ 315. ಹೈದರಾಬಾದ್ ಪಂದ್ಯದ ಸ್ಕೋರ್ ಯಾರು ಬೇಕಾದರೂ ಮೊಬೈಲಿನಲ್ಲಿ ಅರೆಕ್ಷಣದಲ್ಲಿ ತೆಗೆಯಬಹುದು. ವಿಶ್ವನಾಥ್ ಕುಳಿತು ನೋಡಿದ ಆ ಕ್ಲಬ್ ಪಂದ್ಯದಲ್ಲೂ ಇಬ್ಬರು ಸ್ಕೋರರ್‌ಗಳು ಪುಸ್ತಕ ತೆರೆದು ಕುಳಿತಿದ್ದರಲ್ಲವೇ? ಅವರು ಇಟ್ಟ ಚುಕ್ಕಿಗಳು ಯಾರ ಮನೆಯ ಅಟ್ಟದ ಮೇಲಿವೆ? ಅಂಥ ಒಂದು ಪುಟವನ್ನು ಚೌಕಟ್ಟು ಹಾಕಿ ಮೈದಾನದ ಪೆವಿಲಿಯನ್‌ನಲ್ಲಿ ತೂಗುಹಾಕಬೇಕಿತ್ತು. ಬೌಲಿಂಗ್ ಕಲಿಯಲು ಬರುವ ಹುಡುಗ ಹುಡುಗಿಯರು ದಿನವೂ ಅದರ ಮುಂದೆ ಹಾದುಹೋಗಬೇಕಿತ್ತು.

ನನ್ನ ಟ್ರಂಕಿನಲ್ಲಿ ಲೀಗಿಗೆ ಸೇರದ ಒಂದು ನೋಟ್ ಪುಸ್ತಕವೂ ಇದೆ. 2010ರ ಜನವರಿ, ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನ, ಕರ್ನಾಟಕ ಮತ್ತು ಮುಂಬೈ ನಡುವಿನ ರಣಜಿ ಫೈನಲ್. ಅಪ್ಪ ಲೀಗ್ ಕೆಲಸ ಬಿಟ್ಟು ಆರು ವರ್ಷವಾಗಿತ್ತು. ಮಂಡಿ ನೋವಿದ್ದರೂ ನಾಲ್ಕೂ ದಿನ ಮಂಡ್ಯದಿಂದ ಬಸ್ಸಿನಲ್ಲಿ ಬಂದು, ಜನರ ನಡುವೆ ಕುಳಿತು, ತೊಡೆಯ ಮೇಲೆ ನೋಟ್ ಪುಸ್ತಕ ಇಟ್ಟುಕೊಂಡು ಒಂದೊಂದು ಚೆಂಡನ್ನೂ ಬರೆದರು. ಪಂದ್ಯಕ್ಕೆ ಅಧಿಕೃತ ಸ್ಕೋರರ್‌ಗಳು ಇದ್ದೇ ಇದ್ದರು. ಯಾಕೆ ಬರೆಯುತ್ತೀರಿ ಎಂದು ನಾನು ಕೇಳಲಿಲ್ಲ. ಮುಂಬೈ 233 ಮತ್ತು 234, ಕರ್ನಾಟಕ ಮೊದಲ ಇನಿಂಗ್ಸ್‌ನಲ್ಲಿ 130. ಗೆಲ್ಲಲು 338 ಬೇಕಿತ್ತು. ಕೊನೆಯ ದಿನ ಸಂಕ್ರಾಂತಿ. ಎಳ್ಳು ಬೀರುವ ಹೊತ್ತಿಗೆ ಮನೆಯಲ್ಲಿರಬೇಕಿದ್ದ ಊರಿಗೆ ಊರೇ ಮೈದಾನದಲ್ಲಿತ್ತು. ಜಾಗ ಸಿಗದವರು ಮರ ಹತ್ತಿದ್ದರು. ಮನೀಷ್ ಪಾಂಡೆ 144 ಹೊಡೆದು ಗೆಲುವನ್ನು ಕಣ್ಣಳತೆಗೆ ತಂದರು. ಕೊನೆಗೆ 331ಕ್ಕೆ ಆಲೌಟ್, ಆರು ರನ್‌ಗಳಿಂದ ಸೋತೆವು. ಸುತ್ತ ಯಾರೂ ಮಾತಾಡಲಿಲ್ಲ. ಅಪ್ಪ ಮಾತ್ರ ತಲೆ ತಗ್ಗಿಸಿ ಮೂರು ಮೊತ್ತಗಳನ್ನು ಕೂಡಿಸುತ್ತಿದ್ದರು. ತಾಳೆಯಾದ ಮೇಲೆ ಕೆಳಗೆ ಗೆರೆ ಎಳೆದು ಸಹಿ ಹಾಕಿ, ಪೆನ್ನನ್ನು ಜೇಬಿಗೆ ಸೇರಿಸಿ, ಆಮೇಲೆ ಕಣ್ಣೊರೆಸಿಕೊಂಡರು.

ಅದೇ ಮೈದಾನಕ್ಕೆ ಈಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಹೆಸರಿದೆ. ಅವರ ನೆನಪಿನ ಮಹಾರಾಜ ಟ್ರೋಫಿಯನ್ನು ಮೈಸೂರು ವಾರಿಯರ್ಸ್ 2024ರಲ್ಲಿ ಗೆದ್ದಾಗ ನಾನೂ ಮನೆಯಲ್ಲಿ ಸಿಹಿ ಮಾಡಿದೆ. 2025ರಲ್ಲಿ ಇಡೀ ಕೂಟವೇ ಮೈಸೂರಿಗೆ ಬಂತು, ಆದರೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಬೆಂಗಳೂರಿನ ಕ್ರೀಡಾಂಗಣದ ಬಾಗಿಲಲ್ಲಿ ಜೂನ್ 4ರಂದು ಜೀವಗಳು ಹೋದ ಮೇಲೆ ಆ ಎಚ್ಚರ ಬೇಕೇ ಬೇಕಿತ್ತು. ಒಬ್ಬ ಪ್ರೇಕ್ಷಕರೂ ಇಲ್ಲದೆ ನಡೆದ ಆ ಪಂದ್ಯಗಳ ಒಂದು ಚೆಂಡೂ ಕಳೆದುಹೋಗುವುದಿಲ್ಲ. ಪ್ರತಿಯೊಂದೂ ಹಲವು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ಅದು ಹಾಗೆಯೇ ಇರಬೇಕು. ಅದರ ಜೊತೆಗೆ ಲೀಗಿನ ಪುಸ್ತಕಕ್ಕೂ ಒಂದು ಕಪಾಟು ಕೊಡಿ ಎನ್ನುತ್ತಿದ್ದೇನೆ.

ಎರಡು ವರ್ಷದ ಹಿಂದೆ ನನ್ನ ಕಣ್ಣೆದುರಿಗೇ ನಡೆದದ್ದನ್ನು ಹೇಳಬೇಕು. ಮೈಸೂರಿನ ಒಂದು ಹಳೆಯ ಕ್ಲಬ್ಬಿನ ಪುಸ್ತಕಗಳು ಅದರ ಹಿಂದಿನ ಕಾರ್ಯದರ್ಶಿಯೊಬ್ಬರ ಮನೆಯಲ್ಲಿವೆ ಎಂದು ತಿಳಿದು ಹೋದೆ. ನಾನು ಹೋಗುವುದಕ್ಕೆ ಒಂದು ವಾರ ಮುಂಚೆ ಮನೆ ಮಾರಾಟವಾಗಿತ್ತು. ಎರಡು ಗೋಣಿಚೀಲದಲ್ಲಿದ್ದ ಪುಸ್ತಕಗಳನ್ನು ತೂಕಕ್ಕೆ ಹಾಕಿದ್ದರು. ಹಳೆ ಪೇಪರ್ ಅಂಗಡಿ ಹುಡುಕಿ ಹೋದಾಗ ಸಿಕ್ಕಿದ್ದು ಒಂದೇ ಪುಸ್ತಕ, ಅದರಲ್ಲೂ ಹಿಂದಿನ ಅರ್ಧ. ಮುಂದಿನ ಅರ್ಧ ಹಾಳೆಗಳು ಪೊಟ್ಟಣ ಕಟ್ಟಲು ಹೋಗಿದ್ದವು. ಉಳಿದಿರುವ ಮೊದಲ ಪುಟದಲ್ಲಿ ಎರಡನೆಯ ಇನಿಂಗ್ಸ್ ಇದೆ. 171 ರನ್ ಬೆನ್ನತ್ತಿದ ತಂಡ ಒಂಬತ್ತು ವಿಕೆಟ್ ಕಳೆದುಕೊಂಡು ಗೆದ್ದಿದೆ, ಆದರೆ 170 ಹೊಡೆದ ಆ ಇನ್ನೊಂದು ತಂಡ ಯಾವುದು ಎಂಬುದು ಹರಿದುಹೋದ ಹಾಳೆಯಲ್ಲಿತ್ತು. ಕಾರ್ಯದರ್ಶಿಗಳ ಮನೆಯವರನ್ನು ನಾನು ದೂರುವುದಿಲ್ಲ. ಇದು ಬೇಕಾದ ವಸ್ತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಳೆಯ ಲೀಗ್ ಫಲಿತಾಂಶಗಳು ಸಿಗಬಹುದೇ ಎಂದು ನಾನು ಹೋಗಿ ಕೇಳಿದ ಇನ್ನೊಂದು ಕಡೆಯಲ್ಲೂ, "ಹಳೆಯದನ್ನೆಲ್ಲ ಯಾರು ಇಟ್ಟುಕೊಂಡಿರುತ್ತಾರೆ ಮೇಡಂ?" ಎಂಬ ಉತ್ತರ ಬಂತು.

ಯಾರಿಗೆ ಬೇಕು ಎಂದು ಕೇಳಿದರೆ ಹೇಳುತ್ತೇನೆ. ಕಳೆದ ವರ್ಷ ನಮ್ಮ ಮನೆಗೆ ಒಬ್ಬ ರೈತರು ಬಂದರು, ಅರವತ್ತು ದಾಟಿದವರು. ಜೊತೆಯಲ್ಲಿ ಹತ್ತು ಹನ್ನೊಂದರ ಮೊಮ್ಮಗ. ಕಬ್ಬು ಕಡಿಯುವ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದಿದ್ದರು. "ನಿಮ್ಮ ತಂದೆಯವರು ಬರೆದ ಪುಸ್ತಕ ಇದೆಯಂತಲ್ಲಮ್ಮ. ನಾನು ಒಂದು ಸಲ ಐವತ್ತು ಹೊಡೆದಿದ್ದೆ, ಇವನು ನಂಬುವುದಿಲ್ಲ" ಎಂದರು. ಯಾವ ವರ್ಷ ಎಂಬುದು ಅವರಿಗೆ ಸರಿಯಾಗಿ ನೆನಪಿರಲಿಲ್ಲ, ಮದುವೆಗೆ ಹಿಂದಿನ ವರ್ಷ ಎಂದರು. ಮೂರು ಪುಸ್ತಕ ತಿರುವಿದ ಮೇಲೆ ಸಿಕ್ಕಿತು. ಐವತ್ತಲ್ಲ, 47. ಹೇಳುವುದೋ ಬೇಡವೋ ಎಂದು ಒಂದು ಗಳಿಗೆ ತಡೆದೆ. ಸುಳ್ಳು ಹೇಳಿದರೆ ಅಪ್ಪನ ಪುಸ್ತಕಕ್ಕೆ ಅವಮಾನವಾಗುತ್ತಿತ್ತು. ಪುಟವನ್ನು ಅವರ ಕಡೆ ತಿರುಗಿಸಿ, "ನಲವತ್ತೇಳು ಅಣ್ಣಾ, ಆರು ಬೌಂಡರಿ, ನಾಟೌಟ್" ಎಂದೆ. ಅವರು ಬೆರಳಿನಿಂದ ಆ ಸಾಲನ್ನು ಸವರುತ್ತಾ ಹೋದರು. "ನಾಟೌಟಾ? ಔಟಾಗಿದ್ದೆ ಅಂದುಕೊಂಡಿದ್ದೆನಲ್ಲಮ್ಮ ಇಷ್ಟು ವರ್ಷ" ಎಂದರು. ಕೊನೆಯ ಎರಡು ರನ್ ಅವರದೇ, ಪಂದ್ಯ ಗೆದ್ದದ್ದೂ ಆ ಎರಡು ರನ್ನಿನಿಂದಲೇ. ಮೊಮ್ಮಗ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡ. ಮೂರು ರನ್ ಕಡಿಮೆಯಾದದ್ದು ಇಬ್ಬರಿಗೂ ನೆನಪೇ ಇರಲಿಲ್ಲ. ಹೋಗುವಾಗ ಒಂದು ಕಂತೆ ಕಬ್ಬು ಜಗುಲಿಯ ಮೇಲೆ ಇಟ್ಟು ಹೋದರು.

ಲೀಗ್‌ನಲ್ಲಿ ಆಡಿದ ಸಾವಿರಾರು ಮಂದಿಯಲ್ಲಿ ರಣಜಿ ತನಕ ಹೋದವರು ಬೆರಳೆಣಿಕೆಯಷ್ಟು. ಉಳಿದವರು ಬ್ಯಾಂಕಿಗೆ, ಗದ್ದೆಗೆ, ಪೊಲೀಸ್ ಠಾಣೆಗೆ, ಅಂಗಡಿಗೆ ಹೋದರು. ಅವರ ಆಟ ಎಂದು ಜಗತ್ತಿನಲ್ಲಿ ಇರುವುದು ಆ ಒಂದು ಸಾಲು.

ನನ್ನ ತಂದೆಯ 23 ಪುಸ್ತಕಗಳಲ್ಲಿ ಹುಡುಗಿಯರ ಪಂದ್ಯ ಒಂದೂ ಇಲ್ಲ. ಬರೆಯಲು ಹುಡುಗಿಯಿದ್ದಳು, ಆಡಲು ಇರಲಿಲ್ಲ. ಮೈಸೂರಿನ ಶುಭಾ ಸತೀಶ್ 2023ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ತಮ್ಮ ಮೊದಲ ಟೆಸ್ಟ್ ಇನಿಂಗ್ಸ್‌ನಲ್ಲೇ 69 ಹೊಡೆದಾಗ ನಾನು ಅಪ್ಪನ ಖಾಲಿ ಪುಟವೊಂದರಲ್ಲಿ ಆ ಇನಿಂಗ್ಸ್ ಬರೆದಿಟ್ಟೆ. ಹೆಣ್ಣುಮಕ್ಕಳು ಈಗ ನಮ್ಮ ಮೈದಾನಗಳಲ್ಲಿ ಆಡುತ್ತಿದ್ದಾರೆ. ಅವರ ಪಂದ್ಯಗಳ ದಾಖಲೆಯಾದರೂ ಮೊದಲ ದಿನದಿಂದಲೇ ಭದ್ರವಾಗಿರಲಿ. ಗಂಡುಮಕ್ಕಳ ವಿಷಯದಲ್ಲಿ ಮಾಡಿದ ತಪ್ಪನ್ನು ಇವರಿಗೂ ಮಾಡುವುದು ಬೇಡ.

ಏನು ಮಾಡಬಹುದು ಎಂದು ನಾನು ಸಾಕಷ್ಟು ಯೋಚಿಸಿದ್ದೇನೆ, ದುಡ್ಡಿನ ದೊಡ್ಡ ಮಾತು ಇದರಲ್ಲಿ ಇಲ್ಲ. ಒಡೆಯರ್ ಮೈದಾನದಲ್ಲಿ ಒಂದು ಕೋಣೆ ಬೇಕು. ಸೋರಬಾರದು, ಗೆದ್ದಲು ಹತ್ತದ ಉಕ್ಕಿನ ಬೀರುಗಳಿರಬೇಕು. ಮೈದಾನ ಇರುವುದೇ ವಿಶ್ವವಿದ್ಯಾನಿಲಯದ ಆವರಣದಲ್ಲಿ. ಹಳೆಯ ಕಾಗದವನ್ನು ಹೇಗೆ ಮುಟ್ಟಬೇಕು, ಹೇಗೆ ಸ್ಕ್ಯಾನ್ ಮಾಡಬೇಕು ಎಂದು ಬಲ್ಲವರು ಅಲ್ಲೇ ಇದ್ದಾರೆ. ಚರಿತ್ರೆ ಓದುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದಿಲ್ಲ. ಈ ಊರಿಗೆ ಇದು ಹೊಸದೂ ಅಲ್ಲ. ಓವಲ್ ಮೈದಾನದಿಂದ ನಡೆದು ಹೋಗುವಷ್ಟು ದೂರದಲ್ಲಿ ಓರಿಯೆಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ. 1891ರಲ್ಲಿ ಶುರುವಾದ ಆ ಗ್ರಂಥಾಲಯಕ್ಕೆ ಯಾರೋ ತಂದುಕೊಟ್ಟ ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ತಂದುಕೊಟ್ಟವರಿಗೆ ಕೊಡಲು ಒಂದು ಬಾಗಿಲಿತ್ತು, ಒಳಗೆ ಓದಬಲ್ಲವರೊಬ್ಬರು ಕುಳಿತಿದ್ದರು. ಸ್ಕೋರ್ ಪುಸ್ತಕಕ್ಕೂ ಅಂಥ ಒಂದು ಬಾಗಿಲು ಬೇಕು.

ಇಂದಿನ ಪಂದ್ಯಗಳ ಮಾತೂ ಇದೆ. ಈಗ ಹಲವು ಕಡೆ ಮೊಬೈಲಿನಲ್ಲೇ ಸ್ಕೋರ್ ಬರೆಯುತ್ತಾರೆ. ಕೂಡುವ ತಪ್ಪುಗಳು ಕಡಿಮೆಯಾಗಿವೆ, ನನಗೆ ಸಂತೋಷವೇ. ಆದರೆ ಆ ಲೆಕ್ಕವೆಲ್ಲ ಇರುವುದು ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ. ಕಂಪನಿ ನಾಳೆ ಮುಚ್ಚಿದರೆ ಗೆದ್ದಲೂ ಬೇಕಾಗುವುದಿಲ್ಲ. ಪಂದ್ಯ ಮುಗಿದ ಸಂಜೆಯೇ ಪೂರ್ತಿ ಸ್ಕೋರಿನ ಒಂದು ಮುದ್ರಿತ ಪ್ರತಿಗೆ ಅಂಪೈರ್‌ಗಳ ಸಹಿ ಪಡೆದು ವಲಯದ ಕಚೇರಿಗೆ ಕೊಡಬೇಕು ಎಂದು ನಿಯಮ ಮಾಡಿ. ಋತು ಮುಗಿದ ಮೇಲೆ ಕೊಡದ ಕ್ಲಬ್ಬಿಗೆ ಮುಂದಿನ ವರ್ಷದ ನೋಂದಣಿ ತಡೆದರೂ ತಪ್ಪಿಲ್ಲ. ಹರಿದುಹೋದ ಕಡೆ ತೇಪೆ ಹಾಕಲು ಪತ್ರಿಕೆಗಳ ಹಳೆಯ ಕಡತಗಳಿವೆ. ‘ಆಂದೋಲನ’, ‘ಮೈಸೂರು ಮಿತ್ರ’, ‘ಸ್ಟಾರ್ ಆಫ್ ಮೈಸೂರ್’ ಕಚೇರಿಗಳಿಗೆ ಭಾನುವಾರ ಸಂಜೆ ಸಂಕ್ಷಿಪ್ತ ಸ್ಕೋರಿನ ಚೀಟಿ ಹಿಡಿದು ಅಪ್ಪನ ಜೊತೆ ನಾನೂ ಹೋಗಿದ್ದೇನೆ. ನಾಲ್ಕು ಸಾಲು ಅಚ್ಚಾದರೆ ಸೋಮವಾರ ಇಡೀ ತಂಡಕ್ಕೆ ಹಬ್ಬ.

2033ಕ್ಕೆ ನಿಮ್ಮ ಸಂಸ್ಥೆಗೆ ನೂರು ತುಂಬುತ್ತದೆ. ಅಂದು ಸ್ಮರಣ ಸಂಚಿಕೆ ಬರುತ್ತದೆ, ಬರಬೇಕು. ಅದರಲ್ಲಿ ಟೆಸ್ಟ್ ಆಟಗಾರರ ಚಿತ್ರಗಳ ನಂತರ ಮೈಸೂರು ವಲಯದ ಅಧ್ಯಾಯಕ್ಕೆ ಬಂದಾಗ ಬರೆಯುವವರ ಕೈಯಲ್ಲಿ ನೆನಪುಗಳಷ್ಟೇ ಉಳಿದಿದ್ದರೆ ಸಾಲದು. ನೆನಪು 47ನ್ನು 50 ಮಾಡುತ್ತದೆ, ನಾಟೌಟನ್ನು ಔಟ್ ಮಾಡುತ್ತದೆ.

ಕ್ಲಬ್ಬುಗಳ ಕಾರ್ಯದರ್ಶಿಗಳೇ, ಈ ವಾರವೇ ನಿಮ್ಮ ಕೋಣೆಯ ಮೂಲೆಯ ಪೆಟ್ಟಿಗೆ ತೆರೆಯಿರಿ. ಹಿಂದಿನ ಕಾರ್ಯದರ್ಶಿಗಳ ಮನೆಗೆ ಫೋನ್ ಮಾಡಿ, ಹಳೆಯ ಸ್ಕೋರರ್‌ಗಳು ಎಲ್ಲಿದ್ದಾರೆ ಎಂದು ವಿಚಾರಿಸಿ. ಮನೆ ಬದಲಿಸುವವರು, ಮನೆ ಮಾರುವವರು, ಹಿರಿಯರನ್ನು ಕಳೆದುಕೊಂಡ ಮನೆಯವರು ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಚುಕ್ಕಿಗಳನ್ನು ಕಂಡರೆ ದಯವಿಟ್ಟು ತೂಕಕ್ಕೆ ಹಾಕಬೇಡಿ.

ಸಂಚಾಲಕರಲ್ಲಿ ನನ್ನ ಕೋರಿಕೆ ಇಷ್ಟು. ಬಂದ ಪುಸ್ತಕಗಳನ್ನು ವರ್ಷ, ಡಿವಿಷನ್, ತಂಡ ಎಂದು ವಿಂಗಡಿಸಿ ಪಟ್ಟಿ ಮಾಡುವ ಕೆಲಸಕ್ಕೆ ಭಾನುವಾರಗಳಂದು ನಾನು ಬರುತ್ತೇನೆ, ಸಂಬಳ ಬೇಡ. ನನ್ನ ಹತ್ತನೆಯ ತರಗತಿಯ ನಾಲ್ವರು ಹುಡುಗಿಯರು ಹಳೆಯ ಪುಟಗಳನ್ನು ಓದಲು ಕಲಿತಿದ್ದಾರೆ, ಅವರೂ ಬರುತ್ತೇವೆ ಎಂದಿದ್ದಾರೆ. 23 ಪುಸ್ತಕಗಳಿಗೂ ಬಟ್ಟೆಯ ಹೊದಿಕೆ ಹಾಕಿ, ಮೇಲೆ ವರ್ಷ ಬರೆದು ಸಿದ್ಧವಾಗಿಟ್ಟಿದ್ದೇನೆ. ಯಾವ ಭಾನುವಾರ, ಎಲ್ಲಿಗೆ ತರಬೇಕು ಎಂದು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಮಂಡ್ಯದ ಒಬ್ಬ ಗಣಿತ ಶಿಕ್ಷಕಿ